ಎರಡು ಒಪ್ಪಿಗೆಯ ಕಡತ

೨೦೨೫ರ ಮಾರ್ಚ್ ಮೂರು, ಸೋಮವಾರ, ಬೆಳಿಗ್ಗೆ ಹತ್ತು ನಲವತ್ತು. ಹೊಂಗನೂರಿನ ಚಿಕ್ಕಬೀರಯ್ಯ ಚನ್ನಪಟ್ಟಣ ಗ್ರಾಮಾಂತರ ಠಾಣೆಗೆ ಬಂದವನು ರೈಟರ್ ಮೇಜಿನ ಕಡೆ ತಿರುಗಿಯೂ ನೋಡದೆ ಸೀದಾ ಇನ್‌ಸ್ಪೆಕ್ಟರ್ ಕೋಣೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ನಿಶ್ಚಿತಾರ್ಥದಲ್ಲಿ ಗಂಡಿಗೆ ಕೊಟ್ಟಿದ್ದ ರೇಷ್ಮೆ ಪಂಚೆ. ಪಂಚೆಯ ಮಡಿಕೆಯಲ್ಲಿ ಒಂದು ಲಕೋಟೆ.

ಇನ್‌ಸ್ಪೆಕ್ಟರ್ ಹಮೀದಾಗೆ ಅವನ ಮುಖ ನೆನಪಿತ್ತು. ಒಂಬತ್ತು ದಿನದ ಹಿಂದೆ, ಫೆಬ್ರವರಿ ಇಪ್ಪತ್ತೆರಡರಂದು, ಅವನ ಮಗಳು ಅನುಷಾ ರೇಷ್ಮೆ ಹುಳುಮನೆಯ ತಟ್ಟೆಗಳನ್ನು ತೊಳೆಯಲು ಊರ ಕಟ್ಟೆಗೆ ಹೋದವಳು, ಮೊಣಕಾಲುದ್ದದ ನೀರಿನಲ್ಲಿ ಬೋರಲಾಗಿ ಸಿಕ್ಕಿದ್ದಳು. ವಯಸ್ಸು ಇಪ್ಪತ್ತನಾಲ್ಕು. ಮೈಮೇಲೆ ಗಾಯವಿರಲಿಲ್ಲ. ಯುಡಿಆರ್, ಅಂದರೆ ಅಸಹಜ ಸಾವು ಎಂದು ದಾಖಲಾಗಿತ್ತು. ನೀರು ತುಂಬಿ ಉಸಿರುಕಟ್ಟಿ ಮರಣ ಎಂದು ವೈದ್ಯರ ವರದಿಯೂ ಬಂದಿತ್ತು. ಕಡತ ಮುಚ್ಚಲು ಹಮೀದಾಳ ಒಂದು ಸಹಿ ಬಾಕಿ ಇತ್ತು, ಅಷ್ಟೆ.

"ಕೂತ್ಕೊಳ್ಳಿ."

"ನನ್ ಮಗ್ಳು ನೀರಿಗ್ ಬಿದ್ದು ಸತ್ಲು ಅಂತ ಬರ್ಕೊಂಡ್ರಿ ಮೇಡಮ್ಮೋರೆ. ಸುಳ್ಳಲ್ಲ. ಆದ್ರೆ ಅವ್ಳನ್ನ ಕೊಂದಿದ್ದು ಈ ಕಾಗ್ದ."

ಲಕೋಟೆಯಲ್ಲಿ ಮೂರು ಹಾಳೆ. ಎರಡು, ಬೆಂಗಳೂರಿನ ಆಸ್ಪತ್ರೆಯೊಂದರ ಚಿಕಿತ್ಸಾ ವಿವರದ ಜೆರಾಕ್ಸ್: ಅನುಷಾಳ ಹೆಸರು, ವಯಸ್ಸು, ಮೂರ್ಛೆರೋಗ, ದಿನಕ್ಕೆ ಎಷ್ಟು ಮಾತ್ರೆ. ಮೂರನೆಯದರಲ್ಲಿ ಟೈಪ್ ಮಾಡಿದ ಒಂದೇ ಸಾಲು. 'ಮದುವೆಗೆ ಮೊದಲು ತಿಳಿದುಕೊಳ್ಳಿ.' ಸಹಿ ಇಲ್ಲ. ವಿಳಾಸ ಕಬ್ಬಾಳಿನ ಗಂಡಿನ ಮನೆಯದು. ಅಂಚೆ ಮುದ್ರೆ ಕನಕಪುರದ್ದು, ಜನವರಿ ಇಪ್ಪತ್ಮೂರು.

"ಇದು ನಿಮಗೆ ಯಾವಾಗ ಸಿಕ್ತು?"

"ನೆನ್ನೆ. ಗಂಡೇ ಬಂದು ಕೊಟ್ಬುಟ್ಟು ಓದ. ಈ ಕಾಗ್ದ ನೋಡೇ ಅವ್ರು ಸಂಬಂಧ ಮುರ್ಕಂಡಿದ್ದು."

"ಕಾಯಿಲೆ ವಿಷಯ ಯಾರಿಗೆಲ್ಲ ಗೊತ್ತಿತ್ತು?"

"ನಂಗೆ, ಅವ್ರವ್ವ ದಾಸಮ್ಮಂಗೆ, ಡಾಕ್ಟ್ರಿಗೆ. ಗೊಂಬೆ ಫ್ಯಾಕ್ಟ್ರೀಲಿ ಕೆಲ್ಸಕ್ಕೆ ಓಯ್ತಿದ್ಲಲ್ಲ, ಅಲ್ಲಿ ಕೊಟ್ಟ ಇನ್ಶೂರೆನ್ಸ್ ಕಾರ್ಡಲ್ಲೇ ತೋರ್ಸಿದ್ದು. ಮೂರ್ ವರ್ಷದಿಂದ ಒಂದ್ ಸಲಾನೂ ಫಿಟ್ಸ್ ಬಂದಿರ್ನಿಲ್ಲ."

"ಗಂಡಿನ ಕಡೆಯವರಿಗೆ ಹೇಳಿರಲಿಲ್ವಾ?"

ಚಿಕ್ಕಬೀರಯ್ಯ ನೆಲ ನೋಡಿದ. "ಅವ್ಳು ಏಳ್ಬೇಕು ಅಂತ್ಲೇ ಇದ್ಲು. ನಾನೇ ಒಸಿ ತಡಿ ಅಂದೆ."

ಹನ್ನೆರಡು ಇಪ್ಪತ್ತಕ್ಕೆ ಎಫ್‌ಐಆರ್ ಆಯಿತು. ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬಯಲು ಮಾಡಿದ ಅಪರಾಧ, ಮಾಹಿತಿ ತಂತ್ರಜ್ಞಾನ ಕಾಯ್ದೆ, ಕಲಂ ಎಪ್ಪತ್ತೆರಡು-ಎ. ಗರಿಷ್ಠ ಮೂರು ವರ್ಷ, ಜಾಮೀನು ಸಿಗುವಂಥದು. ಈ ಕಾಯ್ದೆಯ ಪ್ರಕರಣವನ್ನು ಇನ್‌ಸ್ಪೆಕ್ಟರೇ ತನಿಖೆ ಮಾಡಬೇಕು. ಇಬ್ಬರು ಪಂಚರ ಮುಂದೆ ಲಕೋಟೆಯನ್ನು ಪಂಚನಾಮೆ ಮಾಡಿ ಸೀಲು ಹಾಕಿದರು. ಹೆಡ್ ಕಾನ್‌ಸ್ಟೇಬಲ್ ಬೀರೇಶ್ ಕಲಂ ನಂಬರನ್ನು ಎರಡು ಸಲ ಕೇಳಿಕೊಂಡು ಬರೆದ. ಈ ಠಾಣೆಯಲ್ಲಿ ಆ ನಂಬರು ಬರೆಯುತ್ತಿದ್ದುದು ಅದೇ ಮೊದಲು.

ಮರುದಿನ ಹಮೀದಾ, ಬೀರೇಶ್ ಇಬ್ಬರೂ ಕಬ್ಬಾಳಿಗೆ ಹೋದರು. ಗಂಡು ಕುಮಾರ ಹಾಲಿನ ವ್ಯಾನು ಓಡಿಸುತ್ತಿದ್ದ. ಮನೆಯ ಜಗಲಿಯ ಮೇಲೆ ಕೂತು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟ.

"ಕಾಗದ ಬಂದದ್ದು?"

"ಜನವರಿ ಇಪ್ಪತ್ತೇಳು. ನಮ್ಮಪ್ಪ ಓದಿಸ್ಕೊಂಡ್ರು. ಆಗಲ್ಲ ಅಂದ್ಬುಟ್ರು."

"ನೀವೇನಂದ್ರಿ?"

"ನಾನೇನೂ ಅನ್ನಿಲ್ಲ."

"ಆಮೇಲೆ ಅವಳ ಹತ್ರ ಮಾತಾಡಿದ್ರಾ?"

ಕುಮಾರ ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಒಂದ್ ಸಲ. ಫೆಬ್ರವರಿ ಎಂಟಕ್ಕೋ ಒಂಬತ್ತಕ್ಕೋ ಅವ್ಳೇ ಫೋನ್ ಮಾಡಿದ್ಲು. 'ಮಾತ್ರೆ ಬುಟ್ಟು ನಾಕ್ ದಿನ ಆಯ್ತು, ನಂಗೇನೂ ಆಗಿಲ್ಲ. ಒಂದ್ ತಿಂಗ್ಳು ಇಂಗೇ ಇದ್ದು ತೋರಿಸ್ತೀನಿ, ಆಮೇಲೆ ನಿಮ್ಮಪ್ಪಂಗೆ ಏಳು' ಅಂದ್ಲು."

ಬೀರೇಶನ ಪೆನ್ನು ನಿಂತಿತು. "ಅವ್ರ ಮನೇಗೆ ಹೇಳ್ಲಿಲ್ವೇನ್ಲಾ?"

"ಇಲ್ಲ ಸಾರ್."

"ಯಾಕೆ?"

"ಒಂದ್ ತಿಂಗ್ಳು ಆಗ್ಲಿ ಅಂತ ನಾನೂ ಕಾಯ್ತಿದ್ದೆ."

ವಾಪಸು ಬರುವಾಗ ಹಮೀದಾ ಹೊಂಗನೂರಿಗೆ ಗಾಡಿ ತಿರುಗಿಸಲು ಹೇಳಿದಳು. ದಾಸಮ್ಮ ಮಗಳ ಟ್ರಂಕು ತೆಗೆದು ತೋರಿಸಿದಳು. ಬಟ್ಟೆಯ ಕೆಳಗೆ ಮಾತ್ರೆಯ ಎರಡು ಪಟ್ಟಿ ಸಿಕ್ಕವು. ಒಂದರಲ್ಲಿ ಆರು ಮಾತ್ರೆ ತೆಗೆದಿತ್ತು, ಇನ್ನೊಂದು ಮುಟ್ಟಿರಲಿಲ್ಲ. ದಾಸಮ್ಮ ಅವುಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ದಿನಾ ರಾಗಿಮುದ್ದೆ ಉಂಡಾದ್ಮೇಲೆ ನೀರು ಕೊಡ್ತಿದ್ದೆ ಕಣವ್ವ. ನುಂಗ್ದೆ ಅಂತಿದ್ಲು," ಅಂದಳು.

ಆಸ್ಪತ್ರೆಯ ದಾಖಲೆ ವಿಭಾಗದವರು ಜೆರಾಕ್ಸ್ ನೋಡಿದ ಕೂಡಲೇ, ಇದು ನಮ್ಮಲ್ಲಿಂದ ಸೋರಿದ್ದಲ್ಲ ಎಂದು ತಲೆಯಾಡಿಸಿದರು. ಅವರಲ್ಲಿಂದ ಹೊರಡುವ ಪ್ರತಿ ಹಾಳೆಯ ಕೆಳಗೆ ಅವರದೇ ನಂಬರು ಇರುತ್ತದೆ. ಈ ಪ್ರತಿಯಲ್ಲಿ ಅದಲ್ಲದೆ, ಹಾಳೆಯ ತಲೆಯಲ್ಲಿ, ಇನ್ನೊಂದು ಮುದ್ರೆ ಇತ್ತು: ಸುಪಾಲನ ಆರೋಗ್ಯ ವಿಮೆ, ಸ್ವೀಕರಿಸಲಾಗಿದೆ. ಅಂದರೆ ಕಾಗದ ಹೊರಬಿದ್ದದ್ದು ವಿಮೆ ಕಂಪನಿಯ ಪ್ರತಿಯಿಂದ.

ಸುಪಾಲನದ ರಾಮನಗರ ಕಚೇರಿಯಲ್ಲಿದ್ದ ಅಧಿಕಾರಿ ಇಸ್ರಾರ್, ಮೂವತ್ತೈದರ ಆಸುಪಾಸಿನ ಮನುಷ್ಯ. ತಮ್ಮಲ್ಲಿ ಯಾರೂ ಅದನ್ನು ಮುದ್ರಿಸಿಲ್ಲ ಎಂದು ಬರೆದುಕೊಟ್ಟ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದ: 'ಸದರಿ ದಾಖಲೆ ಕೂಡುಕೋಶದಲ್ಲೂ ಲಭ್ಯವಿರುತ್ತದೆ.'

"ಕೂಡುಕೋಶ ಅಂದ್ರೆ?"

"ಐದು ವಿಮೆ ಕಂಪನಿಗಳು ಮಾಹಿತಿ ಹಂಚಿಕೊಳ್ಳೋ ವ್ಯವಸ್ಥೆ ಮೇಡಂ. ತುಂಬಾ ಭದ್ರ."

ಹಮೀದಾ ಅಂದೇ ನೋಟೀಸು ಕಳಿಸಿದಳು. ಮಾರ್ಚ್ ಏಳು, ಶುಕ್ರವಾರ, ಹನ್ನೊಂದು ಗಂಟೆಗೆ ಆ ವ್ಯವಸ್ಥೆಯನ್ನು ರೂಪಿಸಿದ ನಿಖಾತ್ ಠಾಣೆಗೆ ಬಂದಳು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಮನೆತನದವಳು. ಈಗ ಬೆಂಗಳೂರಿನಲ್ಲಿ ಐದೂ ಕಂಪನಿಗಳ ಪರವಾಗಿ ಕೂಡುಕೋಶ ನೋಡಿಕೊಳ್ಳುತ್ತಿದ್ದಳು. ಮುದ್ರಿಸಿ ತಂದ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಕುರ್ಚಿಯ ಅಂಚಿನಲ್ಲಿ ಕೂತಳು.

"ಒಂದು ಕಂಪನೀಲಿ ಕಾಯಿಲೆಗೆ ಚಿಕಿತ್ಸೆ ತಗೊಂಡು, ಇನ್ನೊಂದರಲ್ಲಿ ಅದನ್ನ ಮುಚ್ಚಿಟ್ಟು ಪಾಲಿಸಿ ಮಾಡಿಸೋದು. ಒಂದೇ ಆಸ್ಪತ್ರೆ ಬಿಲ್ಲನ್ನ ಎರಡು ಕಡೆ ಕೊಡೋದು. ಇಂಥದನ್ನ ಹಿಡಿಯೋಕೆ ಅಂತ ಮಾಡಿದ್ದು ಮೇಡಂ. ಆದ್ರೆ ಒಬ್ಬರ ಗ್ರಾಹಕರು ಇನ್ನೊಬ್ಬರಿಗೆ ಕಾಣಬಾರದು. ಅದಕ್ಕೆ ಹೆಸರನ್ನ ಗುಪ್ತ ಸಂಖ್ಯೆ ಮಾಡ್ತೀವಿ. ಒಂದು ಕಂಪನಿ ಕೇಳುತ್ತೆ, ಈ ಸಂಖ್ಯೆಯವರ ಬಗ್ಗೆ ನಿಮ್ಮಲ್ಲಿ ಏನಾದ್ರೂ ಇದೆಯಾ ಅಂತ. ಉತ್ತರ ಇದೆ ಅಂತಲೋ ಇಲ್ಲ ಅಂತಲೋ ಬರುತ್ತೆ. ಅಷ್ಟೇ."

"ಅಷ್ಟೇ ಆಗಿದ್ರೆ ಈ ಎರಡು ಹಾಳೆ ಕಬ್ಬಾಳಿಗೆ ಹೋಗ್ತಿರಲಿಲ್ಲ."

ನಿಖಾತ್ ಕೈಬೆರಳು ಹೆಣೆದುಕೊಂಡಳು. "ನಾನು ಮೊದಲು ಮಾಡಿಕೊಟ್ಟಿದ್ದರಲ್ಲಿ ಅಷ್ಟೇ ಇತ್ತು. ಅನುಮಾನದ ಕ್ಲೇಮ್ ಬಂದಾಗ ಪೂರ್ತಿ ಕಾಗದ ನೋಡೋ ದಾರಿ ಬೇಕೇ ಬೇಕು ಅಂದ್ರು ಕಂಪನಿಯವರು. ಬೇಡ ಅಂತ ಬರೆದುಕೊಟ್ಟೆ. ಕೊನೆಗೆ ಎರಡು ಒಪ್ಪಿಗೆ ಇದ್ರೆ ಮಾತ್ರ ತೆರೀಲಿ ಅಂತ ತೀರ್ಮಾನ ಆಯ್ತು. ಕೇಳೋ ಕಂಪನಿಯ ಒಬ್ಬರು, ಕೊಡೋ ಕಂಪನಿಯ ಒಬ್ಬರು. ಕಾರಣ ಬರೀಬೇಕು, ಕ್ಲೇಮ್ ನಂಬರ್ ಹಾಕಬೇಕು. ನಾನೂ ಸಹಿ ಹಾಕಿದೆ."

ಹಮೀದಾ ಹೋದ ವಾರ ತಾನೇ ಥೈರಾಯ್ಡ್ ಪರೀಕ್ಷೆಗೆ ಹೋದಾಗ ಕೌಂಟರಿನಲ್ಲಿ ಕೊಟ್ಟ ಫಾರಮ್ಮಿಗೆ ಸಹಿ ಹಾಕಿದ್ದಳು. ನನ್ನ ಮಾಹಿತಿಯನ್ನು ಹಂಚಿಕೊಳ್ಳಲು ಒಪ್ಪಿದ್ದೇನೆ ಎಂದೇನೋ ಇತ್ತು. ಹಿಂದೆ ಜನ ಕಾಯುತ್ತಿದ್ದರು, ಹಾಕಿದ್ದಳು. ಅದನ್ನು ನಿಖಾತ್‌ಗೆ ಹೇಳಲಿಲ್ಲ.

"ಅನುಷಾಳ ಕಾಗದ ಯಾರು ತೆರೆದದ್ದು?"

ನಿಖಾತ್ ಹಾಳೆ ತಿರುಗಿಸಿದಳು. "ಜನವರಿ ಇಪ್ಪತ್ತೊಂದು, ಮಧ್ಯಾಹ್ನ ಹನ್ನೆರಡು ಹದಿನಾಲ್ಕು. ಕೇಳಿದ್ದು ಕವಚನಿಧಿ ಜೀವ ವಿಮೆ, ಕನಕಪುರ ಕಚೇರಿ. ಒಪ್ಪಿಗೆ ಕೊಟ್ಟದ್ದು ಸುಪಾಲನ, ರಾಮನಗರ. ಇಸ್ರಾರ್. ಹಾಕಿರೋ ಕ್ಲೇಮ್ ನಂಬರ್ ಯಾವ ಕಂಪನೀಲೂ ಇಲ್ಲ."

ಮೂರು ಗಂಟೆಗೆ ಇಸ್ರಾರ್‌ನನ್ನು ಕರೆಸಿದರು.

"ಈ ಒಪ್ಪಿಗೆ ನಿಮ್ಮದಾ?"

"ನನ್ನ ಫೋನಿಗೆ ಓಟಿಪಿ ಬರುತ್ತೆ ಮೇಡಂ."

"ನೀವು ಒತ್ತಿದ್ರಾ?"

"ಕನಕಪುರದಿಂದ ಫೋನ್ ಮಾಡಿ ಕೇಳ್ತಾರೆ. ಹೇಳಿಬಿಡ್ತೀನಿ."

"ಯಾರ ಕಾಗದ, ಯಾಕೆ ಅಂತ ನೋಡಲ್ವಾ?"

"ದಿನಕ್ಕೆ ಮೂವತ್ತು ನಲವತ್ತು ಬರ್ತವೆ ಮೇಡಂ. ಒಂದೊಂದನ್ನೂ ತೆಗೆದು ಓದ್ತಾ ಕೂತ್ರೆ..."

"ಕನಕಪುರದಿಂದ ಫೋನ್ ಮಾಡೋರು ಯಾರು?"

"ಅಲ್ಲಿ ನಾಲ್ಕು ಜನ ಇದಾರೆ. ಯಾರಾದ್ರೂ ಮಾಡ್ತಾರೆ."

ನಿಯಮದ ಪ್ರಕಾರ ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಇರಬೇಕಿತ್ತು. ಕನಕಪುರ ಕಚೇರಿಯಲ್ಲಿ ನಾಲ್ವರೂ ಒಂದನ್ನೇ ಬಳಸುತ್ತಿದ್ದರು. ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟಿದ್ದರು. ಅಲ್ಲಿಗೊಮ್ಮೆ ಹೋಗಿ ನೋಡಿದ್ದ ಇಸ್ರಾರ್ ಇದನ್ನು ಹೇಳಿದಾಗ ನಿಖಾತ್ ಕಣ್ಣು ಮುಚ್ಚಿಕೊಂಡಳು.

"ಇದೇ ತರ ಸುಳ್ಳು ನಂಬರ್ ಹಾಕಿ ಆ ಕಚೇರಿಯಿಂದ ಬೇರೆ ಏನಾದ್ರೂ ತೆರೆದಿದ್ದಾರಾ?" ಹಮೀದಾ ಕೇಳಿದಳು.

ಹುಡುಕಲು ನಿಖಾತ್‌ಗೆ ಒಂದೂವರೆ ಗಂಟೆ ಹಿಡಿಯಿತು. ಹದಿನೆಂಟು ತಿಂಗಳಲ್ಲಿ ಏಳು. ಅನುಷಾ ಏಳನೆಯವಳು.

ಉಳಿದ ಆರರಲ್ಲಿ ಮಾಗಡಿಯ ಮಹ್ವಿಶ್ ಒಬ್ಬಳೇ ಬಾಗಿಲು ತೆರೆದಳು. ಮಾರ್ಚ್ ಹತ್ತು, ಬೆಳಿಗ್ಗೆ. ಇಪ್ಪತ್ತಾರರ ಹುಡುಗಿ, ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಐದು ವರ್ಷದ ಹಿಂದೆ ಟಿಬಿ ಬಂದು ಪೂರ್ತಿ ವಾಸಿಯಾಗಿತ್ತು. ಮದುವೆ ಗೊತ್ತಾದ ಹದಿನೈದನೇ ದಿನಕ್ಕೆ ಹುಡುಗನ ಮನೆಗೆ ಲಕೋಟೆ ಹೋಗಿತ್ತು. ಅದೇ ಒಂದು ಸಾಲು.

"ದೂರು ಕೊಡ್ತೀಯಾ ಬೇಟಾ?"

"ಇಲ್ಲ ಮೇಡಂ."

"ಯಾಕೆ?"

"ಈಗ ಎರಡು ಮನೆಗೆ ಗೊತ್ತು. ಕೇಸು ಅಂದ್ರೆ ಮಾಗಡಿಗೆಲ್ಲ ಗೊತ್ತಾಗುತ್ತೆ." ಮತ್ತೆ ಯಂತ್ರ ತುಳಿಯತೊಡಗಿದವಳು, ತಲೆ ಎತ್ತದೆ ಕೇಳಿದಳು. "ನೀವು ಈಗ ಇಲ್ಲಿಗೆ ಬಂದದ್ದು ಯಾವ ಕಾಗದ ನೋಡಿ?"

ಹಮೀದಾ ನಿಖಾತ್ ಕೊಟ್ಟಿದ್ದ ಪಟ್ಟಿಯನ್ನು ಮಡಿಸಿ ಕಡತದೊಳಗಿಟ್ಟಳು.

ಏಳೂ ಜನಕ್ಕೆ ಸಮಾನವಾದದ್ದು ಏನೋ ಇರಲೇಬೇಕಿತ್ತು. ಕಾಯಿಲೆ ಬೇರೆ ಬೇರೆ, ಊರು ಬೇರೆ ಬೇರೆ, ಜಾತಿ ಬೇರೆ ಬೇರೆ. ನೆರೆಹೊರೆಯವರು ಹೇಳಿದಂತೆ ಎಲ್ಲರಿಗೂ ಮದುವೆ ಗೊತ್ತಾಗಿತ್ತು, ಅದೊಂದೇ. ಅದು ಕನಕಪುರದ ವಿಮೆ ಕಚೇರಿಗೆ ಹೇಗೆ ಗೊತ್ತಾಗಬೇಕು? ಬೀರೇಶ್ ಕಬ್ಬಾಳಿಗೆ ಫೋನ್ ಮಾಡಿ ಕುಮಾರನನ್ನು ಒಂದೇ ಮಾತು ಕೇಳಿದ. ನಿಶ್ಚಿತಾರ್ಥ ಆದ್ಮೇಲೆ ಏನಾದ್ರೂ ಪಾಲಿಸಿ ಮಾಡಿಸಿದ್ಯಾ?

"ಊಂ ಸಾರ್. ಕವಚನಿಧೀಲಿ. ನಾಮಿನಿ ಅಂತ ಅವ್ಳ ಎಸ್ರೇ ಆಕಿದ್ದೆ. ಒಬ್ರು ಮನೆಗ್ ಬಂದು ಎಲ್ಲಾ ಕೇಳ್ಕೊಂಡ್ ಓದ್ರು."

ದಾರಿ ಅಲ್ಲಿಂದ ನೇರವಾಯಿತು. ಏಳೂ ಪ್ರಕರಣದಲ್ಲಿ ಮದುವೆ ಗೊತ್ತಾದ ಗಂಡೋ ಹೆಣ್ಣೋ ಕವಚನಿಧಿಗೆ ಅರ್ಜಿ ಹಾಕಿ, ಮುಂದೆ ಕೈಹಿಡಿಯುವವರ ಹೆಸರನ್ನು ನಾಮಿನಿ ಎಂದು ಬರೆದಿದ್ದರು. ಅರ್ಜಿದಾರರ ಮನೆಗೆ ಕಂಪನಿಯಿಂದ ಒಬ್ಬರು ಪರಿಶೀಲನೆಗೆ ಹೋಗಿದ್ದರು. ಆ ಭೇಟಿಯಾದ ಒಂದೆರಡು ದಿನದಲ್ಲಿ ನಾಮಿನಿಯ ಕಾಗದ ಕೂಡುಕೋಶದಲ್ಲಿ ತೆರೆದುಕೊಂಡಿತ್ತು. ನಾಮಿನಿಯ ಆರೋಗ್ಯ ಕೇಳುವ ಹಕ್ಕು ಕಂಪನಿಗೂ ಇರಲಿಲ್ಲ. ಏಳು ಭೇಟಿ ವರದಿಗಳ ಕೆಳಗೂ ಒಂದೇ ಸಹಿ, ಪರಿಶೀಲನಾಧಿಕಾರಿ ಲಕ್ಷ್ಮಯ್ಯನದು.

ಮಾರ್ಚ್ ಹನ್ನೆರಡು, ಬುಧವಾರ, ಮಧ್ಯಾಹ್ನ ಮೂರು ಹತ್ತು. ಕನಕಪುರದ ಕಚೇರಿಯಲ್ಲಿ ಲಕ್ಷ್ಮಯ್ಯ ಕಿಟಕಿ ಪಕ್ಕದ ಮೇಜಿನಲ್ಲಿದ್ದ. ನಲವತ್ತೈದರ ಸಣಕಲು ಮನುಷ್ಯ, ತುಂಬುತೋಳಿನ ಅಂಗಿ. ಹಮೀದಾ ಶೋಧದ ವಾರಂಟು ತೋರಿಸಿದಾಗ ಎದ್ದು ನಿಂತು, ಕಂಪ್ಯೂಟರಿನಲ್ಲಿ ಅರ್ಧಕ್ಕೆ ನಿಂತಿದ್ದ ವರದಿಯನ್ನು ಉಳಿಸಿ, ಪರದೆ ಆರಿಸಿದ.

"ಈ ಲಕೋಟೆ ಕಳಿಸಿದ್ದು ನೀವಾ?"

"ಹೌದು."

"ಏಳೂ?"

"ಏಳೂ."

ಅಷ್ಟು ಬೇಗ ಒಪ್ಪಿಕೊಂಡವರನ್ನು ಹಮೀದಾ ನಂಬುತ್ತಿರಲಿಲ್ಲ. ಪಂಚರ ಮುಂದೆ ಮೇಜು, ಮುದ್ರಣ ಯಂತ್ರ, ಕಬ್ಬಿಣದ ಬೀರು ಎಲ್ಲವನ್ನೂ ಶೋಧಿಸಿದರು. ಬೀರುವಿನ ಕೆಳಗಿನ ಅರೆಯಲ್ಲಿ ಲಕೋಟೆಗಳ ಕಟ್ಟು, ಅಂಚೆಚೀಟಿ, ಏಳೂ ಜನದ ಜೆರಾಕ್ಸ್ ಸಿಕ್ಕವು. ಅದರಡಿಯಲ್ಲಿ ಅಂಚು ಹಳದಿಯಾದ ಹಳೆಯ ಕಡತವೊಂದಿತ್ತು. ಬೀರೇಶ್ ಎಲ್ಲವನ್ನೂ ಪಂಚನಾಮೆಯಲ್ಲಿ ಸೇರಿಸಿದ. ಸಾಕ್ಷ್ಯ ನಾಶದ ಸಂಭವವಿದೆ ಎಂಬ ಕಾರಣ ಬರೆದು, ನಾಲ್ಕು ಐವತ್ತಕ್ಕೆ ಬಂಧಿಸಿದರು.

ಠಾಣೆಯಲ್ಲಿ ಲಕ್ಷ್ಮಯ್ಯ ನೀರು ಕೇಳಲಿಲ್ಲ, ವಕೀಲರನ್ನೂ ಕೇಳಲಿಲ್ಲ.

"ಯಾರಾದ್ರೂ ದುಡ್ಡು ಕೊಟ್ಟು ಮಾಡಿಸಿದ್ರಾ?"

"ಇಲ್ಲ."

"ಮತ್ತೆ ಯಾಕೆ?"

"ಅವರಿಗೆ ಗೊತ್ತಾಗ್ಲಿ ಅಂತ. ತಾಳಿ ಕಟ್ಟೋಕೆ ಮೊದ್ಲು."

"ಫಿಟ್ಸ್ ಯಾರಿಗೆ ಅಂಟುತ್ತೆ ಲಕ್ಷ್ಮಯ್ಯ? ವಾಸಿಯಾದ ಟಿಬಿ ಯಾರಿಗೆ ಅಂಟುತ್ತೆ?"

ಅವನು ಅಂಗಿಯ ತೋಳಿನ ಗುಂಡಿ ಸರಿಪಡಿಸಿಕೊಂಡ.

"ಹೊಂಗನೂರಿನ ಅನುಷಾ ಏನಾದ್ಲು ಗೊತ್ತಾ?"

"ಮದುವೆ ನಿಂತಿರಬೇಕು."

"ಮಾತ್ರೆ ನಿಲ್ಲಿಸಿದ್ಲು. ಕಾಯಿಲೆ ಇಲ್ಲ ಅಂತ ಹುಡುಗನಿಗೆ ತೋರಿಸೋಕೆ. ಕಟ್ಟೆ ನೀರಲ್ಲಿ ಫಿಟ್ಸ್ ಬಂತು."

ಲಕ್ಷ್ಮಯ್ಯ "ಯಾವತ್ತು?" ಅಂದ.

"ಫೆಬ್ರವರಿ ಇಪ್ಪತ್ತೆರಡು."

"ಅವತ್ತು ನಾನು ಅದೇ ಕಡೆ ಒಂದು ಭೇಟಿಗೆ ಹೋಗಿದ್ದೆ," ಅಂದ, ಯಾರಿಗೆ ಹೇಳುತ್ತಿದ್ದಾನೆಂದು ತಿಳಿಯದ ಹಾಗೆ. ಬೀರೇಶ್ ಹೊರಗಿನಿಂದ ಟೀ ತರಿಸಿ ಅವನ ಮುಂದಿಟ್ಟ. ಅದರ ಮೇಲೆ ಕೆನೆ ಕಟ್ಟಿದ ಮೇಲೆ ಲಕ್ಷ್ಮಯ್ಯ ಮಾತು ಶುರುಮಾಡಿದ.

ಅವನಿಗೆ ಒಬ್ಬಳೇ ತಂಗಿ, ಪುಟ್ಟಿ. ೨೦೦೯ರಲ್ಲಿ ಮದುವೆಯಾಯಿತು. ಎರಡು ವರ್ಷಕ್ಕೆ ಅವಳಿಗೆ ಜ್ವರ ಬಿಡದಾಯಿತು. ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಎಂದು ಬಂತು. ಗಂಡನ ಮನೆಯವರು ಅವಳ ನಡತೆಯ ಮೇಲೆಯೇ ತಪ್ಪು ಹೊರಿಸಿ ತವರಿಗೆ ಕಳಿಸಿದರು. ಊರೂ ಅದನ್ನೇ ನಂಬಿತು. ಚಿಕಿತ್ಸೆಗೆ ಸರಿಯಾಗಿ ಹೋಗಲು ನಾಚಿ, ೨೦೧೪ರಲ್ಲಿ ತೀರಿಕೊಂಡಳು.

"ಸಾಯೋವರೆಗೂ ನನ್ನ ಕೈಲಿ ಆಣೆ ಮಾಡ್ತಿದ್ಲು ಮೇಡಂ. ನಾನು ಏನೂ ತಪ್ಪು ಮಾಡಿಲ್ಲ ಅಣ್ಣ ಅಂತ. ನಾನು ಹೂಂ ಅಂತಿದ್ದೆ. ಒಳಗೊಳಗೇ ನನಗೂ ಅನುಮಾನ ಇತ್ತು."

೨೦೨೩ರಲ್ಲಿ ಕೂಡುಕೋಶಕ್ಕೆ ಸೇರಿಸಲೆಂದು ಕಚೇರಿಯ ಹಳೆಯ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಬೇಕಾಯಿತು. ಅಟ್ಟದ ಮೇಲಿನ ಗಂಟೊಂದನ್ನು ಬಿಚ್ಚಿದಾಗ ಭಾವನ ಹೆಸರು ಕಂಡಿತು. ೨೦೦೭ರಲ್ಲಿ, ಮದುವೆಗೆ ಎರಡು ವರ್ಷ ಮೊದಲು, ಅವನು ಪಾಲಿಸಿಗೆ ಅರ್ಜಿ ಹಾಕಿದ್ದ. ರಕ್ತ ಪರೀಕ್ಷೆಯ ವರದಿ ಲಗತ್ತಾಗಿತ್ತು. ಅರ್ಜಿ ತಿರಸ್ಕೃತವಾಗಿತ್ತು. ಕಾರಣವೂ ಬರೆದಿತ್ತು.

"ಕಂಪನಿಗೆ ಗೊತ್ತಿತ್ತು. ನಮ್ಮ ಪುಟ್ಟಿಗೆ ಗೊತ್ತಿರಲಿಲ್ಲ. ನಾನು ದಿನಾ ಕೂರೋ ಜಾಗದ ಮೇಲೇ ಆ ಗಂಟು ಹದಿನಾರು ವರ್ಷ ಬಿದ್ದಿತ್ತು."

ಮೊದಲ ಲಕೋಟೆ ಹೋದದ್ದು ಅದಾದ ಮೂರು ವಾರಕ್ಕೆ.

ಹಮೀದಾ ವಶಪಡಿಸಿಕೊಂಡ ಹಳೆಯ ಕಡತವನ್ನು ತೆರೆದು ರಕ್ತ ಪರೀಕ್ಷೆಯ ಹಾಳೆಯನ್ನು ನೋಡಿದಳು. ತಲೆಯಲ್ಲಿ ಸ್ವೀಕೃತಿಯ ಮುದ್ರೆ, ಮಸಿ ಮಾಸಿತ್ತು. ಮುದ್ರೆಯೊಳಗೆ ಒಂದು ಚಿಕ್ಕ ಸಹಿ. ಅವಳು ಹಾಳೆಯನ್ನು ಲಕ್ಷ್ಮಯ್ಯನ ಕಡೆ ತಿರುಗಿಸಿ ಸಹಿಯ ಪಕ್ಕ ಬೆರಳಿಟ್ಟಳು.

"ಇದು ಯಾರದು?"

"ನಂದೇ," ಅಂದ ಲಕ್ಷ್ಮಯ್ಯ. "ಆಗಿನ್ನೂ ಟಪಾಲು ವಿಭಾಗದಲ್ಲಿದ್ದೆ. ಬಂದ ಕಾಗದಕ್ಕೆಲ್ಲ ಮುದ್ರೆ ಒತ್ತಿ ಒಳಗೆ ಕಳಿಸೋದು ಕೆಲಸ. ಓದೋ ಹಾಗಿರಲಿಲ್ಲ. ಆಗ ಅವನು ನಮಗೆ ಯಾರೋ ಒಬ್ಬ."

ಮರುದಿನ ಬೆಳಿಗ್ಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕಿತ್ತು. ಜಾಮೀನು ಸಿಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅನುಷಾಳ ಸಾವನ್ನು ಈ ಕಲಮಿಗೆ ಜೋಡಿಸಲು ಬರುವುದಿಲ್ಲ ಎಂದು ಸರ್ಕಾರಿ ವಕೀಲರು ಫೋನಿನಲ್ಲಿ ಹೇಳಿದ್ದರು. ಇಸ್ರಾರ್ ಮತ್ತು ಕವಚನಿಧಿಯ ಉಳಿದ ಮೂವರ ಮೇಲೆ ಶಿಸ್ತುಕ್ರಮಕ್ಕೆ ಅವರವರ ಕಂಪನಿಗೆ ಬರೆಯಬಹುದು, ಅಷ್ಟೆ. ನಿಖಾತ್‌ಳಿಂದ ಎರಡು ಸಾಲಿನ ಪತ್ರ ಬಂದಿತ್ತು. ಪೂರ್ತಿ ಕಾಗದ ತೆರೆಯುವ ದಾರಿಯನ್ನು ಅಂದು ಬೆಳಿಗ್ಗೆಯಿಂದ ನಿಲ್ಲಿಸಿದ್ದಳು. ಕಂಪನಿಗಳು ಅದನ್ನು ಎಷ್ಟು ದಿನ ನಿಲ್ಲಲು ಬಿಡುತ್ತವೋ ತಿಳಿಯದು ಎಂದಿದ್ದಳು.

ಬೀರೇಶ್ ಸ್ವಇಚ್ಛಾ ಹೇಳಿಕೆಯನ್ನು ಟೈಪ್ ಮಾಡಿಸಿ ತಂದ. ಮೂರು ಪುಟ. ಪೆನ್ನು ಕೊಟ್ಟು, ಸಹಿ ಹಾಕುವ ಜಾಗ ತೋರಿಸಿದ.

ಲಕ್ಷ್ಮಯ್ಯ ಪೆನ್ನನ್ನು ಪಕ್ಕಕ್ಕಿಟ್ಟು, ಮೊದಲ ಪುಟದ ಮೊದಲ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದ. ಬೀರೇಶ್ ಗಡಿಯಾರ ನೋಡಿದ. ಹಮೀದಾ ಅವನಿಗೆ ಕೂರಲು ಸನ್ನೆ ಮಾಡಿದಳು. ಮೂರು ಪುಟ ಮುಗಿಯಲು ಇಪ್ಪತ್ತೈದು ನಿಮಿಷ ಹಿಡಿಯಿತು.

"ಒಂದು ಬಿಟ್ಟುಹೋಗಿದೆ," ಅಂದ ಲಕ್ಷ್ಮಯ್ಯ. "೨೦೦೭ರ ಆ ಕಾಗದ ನನ್ನ ಕೈಯಿಂದಲೇ ಒಳಗೆ ಹೋಯ್ತು ಅಂತ. ಅದನ್ನೂ ಬರ್ಕೊಳ್ಳಿ."

ಹಮೀದಾ ತಾನೇ ಪೆನ್ನು ತೆಗೆದುಕೊಂಡು ಆ ಸಾಲನ್ನು ಬರೆದಳು. ಅದನ್ನೂ ಒಮ್ಮೆ ಓದಿ ಅವನು ಸಹಿ ಹಾಕಿದ.